ಕಲ್ಲುಗಾಡಿ ಏರಿದ ದೋಣಿ

ಹುಣಸಕುಂಟೆಯ ಪಟೇಲ ಕೋದಂಡರಾಮಪ್ಪನವರು ಜನ್ಮದಲ್ಲಿ ಸಮುದ್ರ ನೋಡಿದ್ದು ಒಂದೇ ಸಲ. ಯಾರದೋ ಮದುವೆಗೆಂದು ಮದರಾಸಿಗೆ ಹೋಗಿದ್ದಾಗ, ಬಂದರಿನ ಹತ್ತಿರ ಕಡಲೆಕಾಯಿ ತಿನ್ನುತ್ತ ಒಂದು ಹಡಗನ್ನು ದೂರದಿಂದ ನೋಡಿ, ಬಿಸಿಲು ತಡೆಯಲಾರದೆ ಛತ್ರಕ್ಕೆ ವಾಪಸು ಬಂದಿದ್ದರು. ನಡೆದದ್ದು ಇಷ್ಟೆ. ಆದರೆ ತಾಯಲೂರಿನಿಂದ ಹಿಡಿದು ಮುಳಬಾಗಿಲಿನ ತಾಲ್ಲೂಕು ಕಚೇರಿಯ ಜಗಲಿಯವರೆಗೆ ಯಾರು ಸಿಕ್ಕಿದರೂ, "ಹಡಗು, ದೋಣಿ ಇವೆಲ್ಲ ನಮಗೆ ಹೊಸದೇನಲ್ಲ" ಎಂದು ಒಂದು ಮಾತು ತೇಲಿಬಿಡದೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಬಂಡೆಗುಡ್ಡ, ರಾಗಿಹೊಲ. ಸಮುದ್ರವೇ ಇಲ್ಲದ ಸೀಮೆಯಲ್ಲಿ ಈ ಮಾತನ್ನು ಪರೀಕ್ಷೆ ಮಾಡುವವರು ಯಾರು?

ಪರೀಕ್ಷೆ ಮಾಡಿದ್ದು ಯೂರೋಪಿನ ಯುದ್ಧ. ಅಲ್ಲಿಗೂ ಹುಣಸಕುಂಟೆಗೂ ಏನು ಸಂಬಂಧ ಎನ್ನಬೇಡಿ, ಇದೆ. ಚಿನ್ನದ ಗಣಿಯ ಕಡೆಯಿಂದ ಬಾತುಕೋಳಿ ಹೊಡೆಯುವುದಕ್ಕೆ ಬರುತ್ತಿದ್ದ ದೊರೆಯೊಬ್ಬ ಯುದ್ಧಕ್ಕೆ ಹೊರಟ. ಹೊರಡುವ ಮುಂಚೆ ತನ್ನ ಮರದ ದೋಣಿಯನ್ನು ಲಾರಿಯಲ್ಲಿ ತಂದು, ಊರಾಚೆ ಇದ್ದ ಪಟೇಲರ ದನದ ಕೊಟ್ಟಿಗೆಯಲ್ಲಿ ಬೋರಲು ಹಾಕಿಸಿ, ಅವರ ಕೈ ಕುಲುಕಿ ಏನೋ ಹೇಳಿ ಹೋದ. "ತೊಗೊಳ್ಳಿ" ಅಂದನೋ "ಇಟ್ಟಿರಿ" ಅಂದನೋ ಪಟೇಲರಿಗೆ ತಿಳಿಯಲಿಲ್ಲ. ತೊಗೊಳ್ಳಿ ಅಂದನೆಂದೇ ಅರ್ಥಮಾಡಿಕೊಂಡರು. ಅವರ ಹೆಂಡತಿ ಅನಸೂಯಮ್ಮ ದೋಣಿಯ ಕೆಳಗೆ ಕೋಳಿ ಕಾವಿಗೆ ಕೂರಿಸಿದಳು. ಆ ದೋಣಿ ಅಷ್ಟಕ್ಕೇ ನಿಂತಿದ್ದರೆ ಊರಿಗೆ ಊರೇ ಸುಖವಾಗಿರುತ್ತಿತ್ತು.

ನಿಲ್ಲಲಿಲ್ಲ. ಆ ವರ್ಷ ಕಾರ್ತಿಕದಲ್ಲಿ ಅಮಲ್ದಾರ್ ಸಾಹೇಬರು ಪಟೇಲರುಗಳನ್ನೆಲ್ಲ ಕಚೇರಿಗೆ ಕರೆಸಿ, "ಈ ವರ್ಷ ತಾಲ್ಲೂಕಿಗೆ ಒಂದೇ ಒಂದು ತೂಬಿನ ರಿಪೇರಿ ಮಂಜೂರಾಗಿದೆ. ಯಾವ ತೂಬು ಕೆಟ್ಟಿದೆ ಅಂತ ನಾನು ಕಣ್ಣಾರೆ ನೋಡ್ತೀನೋ ಅದಕ್ಕೇ ಕೊಡೋದು" ಎಂದರು.

ಹುಣಸಕುಂಟೆಯ ಕೆರೆಯ ತೂಬು ಕೆಟ್ಟು ಮೂರು ಅಮಲ್ದಾರರು ಬದಲಾಗಿದ್ದರು. ಬಾಗಿಲ ಮರ ಕೊಳೆತು, ಮುಚ್ಚಿದರೂ ತೆರೆದರೂ ನೀರು ಸಮನಾಗಿ ಹರಿಯುತ್ತಿತ್ತು. ಕೆರೆ ಕೋಡಿ ಬಿದ್ದ ವರ್ಷವೂ ಸಂಕ್ರಾಂತಿ ಕಳೆಯುವುದರೊಳಗೆ ತಳ ಕಾಣುತ್ತಿತ್ತು, ಎರಡನೆಯ ಬೆಳೆ ಎನ್ನುವುದನ್ನು ಊರು ಮರೆತೇಬಿಟ್ಟಿತ್ತು. ತೊಂದರೆಯೆಂದರೆ ಆ ತೂಬಿನ ಕಲ್ಲುಕಂಬಗಳು ಏರಿಯಿಂದ ದೂರ, ಆಳದ ನೀರಿನ ನಡುವೆ ನಿಂತಿದ್ದವು. ಈಜು ಬಂದವನು ಮಾತ್ರ ಹತ್ತಿರ ಹೋಗಬಲ್ಲ. ಯಾವ ಅಮಲ್ದಾರರು ಈಜುತ್ತಾರೆ?

ಪಕ್ಕದ ಮರಪಲ್ಲಿಯ ಪಟೇಲ ದೊಡ್ಡವೆಂಕಟಪ್ಪ ಎದ್ದು ನಿಂತ. ಇವನು ಅನಸೂಯಮ್ಮನ ತಮ್ಮನೇ. "ಸ್ವಾಮಿ, ನಮ್ಮೂರ ತೂಬು ಏರಿ ಮಗ್ಗುಲಿಗೇ ಐತೆ. ತಾವು ಕಾಲು ನೆನೆಸ್ಕೊಳ್ದಂಗೆ ನೋಡ್ಬೋದು. ನಮ್ಮ ಭಾವನ ಊರಿಂದು ನೋಡಾಕೆ ಆಗಲ್ಲ ಬಿಡಿ, ನೀರ ಮಧ್ಯದಾಗೈತೆ" ಎಂದ.

ಕೋದಂಡರಾಮಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. "ನಮ್ಮಲ್ಲಿ ದೋಣಿ ಐತೆ ಸ್ವಾಮಿ! ನಾನೇ ನಡೆಸ್ತೀನಿ. ಹಡಗು, ದೋಣಿ ನಮಗೆ ಹೊಸದೇನಲ್ಲ."

ಅಮಲ್ದಾರರು ಪೇಟ ಸರಿಮಾಡಿಕೊಂಡರು. ಚಿಕ್ಕ ಹುಡುಗನ ಮುಖಕ್ಕೆ ಬರುವಂಥ ಒಂದು ಕಳೆ ಅವರ ಮುಖಕ್ಕೆ ಬಂತು. "ದೋಣಿಯೇ? ನಾನು ಇದುವರೆಗೆ ಕೂತಿಲ್ಲ ರೀ. ಬರ್ತೀನಿ. ಮುಂದಿನ ವಾರ ಬಿಟ್ಟು ಅದರ ಮುಂದಿನ ಸೋಮವಾರ. ಆದರೆ ಪಟೇಲರೇ, ದೋಣಿ ಗೀಣಿ ಇಲ್ಲ ಅಂದ್ರೆ ಅಲ್ಲಿಂದ ನೇರ ಮರಪಲ್ಲಿಗೆ ಹೋಗ್ತೀನಿ."

ಹೀಗೆ ಊರಿನ ಎರಡನೆಯ ಬೆಳೆ, ಒಂದು ಕೋಳಿ ಕಾವಿಗೆ ಕೂತಿದ್ದ ದೋಣಿಯ ಬೆನ್ನಿನ ಮೇಲೆ ಬಂದು ಕೂತಿತು.

ದೋಣಿಯನ್ನು ನೀರಿಗೆ ಬಿಡುವುದು ಎಂದರೆ ಏನು ಮಹಾ ಎಂದು ನೀವೂ ಕೇಳಬಹುದು. ಪಟೇಲರೂ ಹಾಗೇ ಕೇಳಿದರು. ಏರಿಯ ಕಡೆ ಕಡಿದಾದ ಕಲ್ಲುಕಟ್ಟಣೆ, ಅಲ್ಲಿಂದ ಬಿಟ್ಟರೆ ತಲೆಕೆಳಗು. ಉಳಿದದ್ದು ಎದುರು ದಡದ ಕೆರೆಯಂಗಳ. ಅಲ್ಲಿ ನೀರು ತಟ್ಟೆಯಲ್ಲಿ ಚೆಲ್ಲಿದ ಸಾರಿನಂತೆ ತೆಳ್ಳಗೆ ಹರಡಿಕೊಂಡಿತ್ತು, ಬಹಳ ದೂರ ನಡೆದರೂ ಮೊಣಕಾಲು ದಾಟದು. ಪಟೇಲರು ದೋಣಿಯನ್ನು ಎತ್ತಿನ ಗಾಡಿಗೆ ಹಾಕಿಸಿ, ಊರೆಲ್ಲ ನೋಡುತ್ತಿದ್ದಂತೆ ಗಾಡಿಯನ್ನು ಕೆರೆಯೊಳಕ್ಕೆ ಹೊಡೆಸಿದರು. ಗಾಡಿ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಎತ್ತುಗಳ ಹೊಟ್ಟೆ ಮುಳುಗಿತು. ಕೊನೆಗೆ ಕೊರಳೂ ಮುಳುಗಿ ಬರೀ ಕೊಂಬು, ಮೂಗು ಕಾಣತೊಡಗಿದವು. ಹಿಂದೆ ಕಡಿಮೆ ನೀರಿನಲ್ಲಿ ಎದೆಮಟ್ಟದ ಚಕ್ರಗಳ ಮೇಲೆ ಕೂತಿದ್ದ ದೋಣಿ ಮಾತ್ರ ತೇವವೂ ಆಗದೆ, ಅಟ್ಟದ ಮೇಲಿನ ಕೊಡದಂತೆ ಮೇಲೇ ಇತ್ತು.

ಕೆರೆಯ ನೀರು ನೋಡಿಕೊಳ್ಳುವ ನೀರಗಂಟಿ ಗಂಗುಲಪ್ಪ ಕತ್ತು ಮಟ್ಟದ ನೀರಿನಿಂದ ಕೂಗಿದ. "ಪಟೇಲಪ್ಪಾ, ಇನ್ನೊಂದ್ ಹೆಜ್ಜೆ ಇಟ್ರೆ ಎತ್ತು ತೇಲ್ತವೆ, ದೋಣಿ ತೇಲಾಕಿಲ್ಲ!"

ದಡದಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ದೊಡ್ಡಗಂಗಮ್ಮ. ತೂಬಿನ ಕೆಳಗೇ ಗದ್ದೆ ಇದ್ದ ಈ ಮುದುಕಿಯ ಬಾಯಿಗೆ ಹೆದರದವರು ಊರಿನಲ್ಲಿರಲಿಲ್ಲ. "ಅಬ್ಬೋ, ಮದ್ರಾಸಿನಾಗೆ ದೋಣೀನ ಗಾಡಿ ಮ್ಯಾಲೆ ಇಟ್ಕೊಂಡೇ ಸಮುದ್ರ ಸುತ್ತುತಾರೇನೋ!" ಎಂದಳು.

ಮಾರನೆಯ ದಿನ ಪಟೇಲರು ಗಾಡಿ ತಗ್ಗಿಸುವ ಕೆಲಸಕ್ಕೆ ಕೈಹಾಕಿದರು. ಊರಿನ ಬಡಗಿಯನ್ನು ಕರೆಸಿ, ಗಾಡಿಯ ಹಲಗೆಯನ್ನು ಅಚ್ಚಿನ ಮೇಲಿಂದ ಬಿಚ್ಚಿ, ಅಚ್ಚಿನ ಕೆಳಗೆ ಹಗ್ಗದಲ್ಲಿ ತೊಟ್ಟಿಲಿನಂತೆ ತೂಗುಹಾಕಿಸಿದರು. ಈಗ ಎತ್ತರ ಸರಿಹೋಯಿತು. ಎಷ್ಟು ಸರಿಹೋಯಿತೆಂದರೆ ಕೊಟ್ಟಿಗೆಯ ಹೊಸ್ತಿಲು ದಾಟುವುದೇ ಕಷ್ಟವಾಯಿತು. ಹಗ್ಗ ಸ್ವಲ್ಪ ಬಿಗಿದರೆ ದೋಣಿ ಅಚ್ಚಿಗೆ ತಗುಲುವುದು, ಸ್ವಲ್ಪ ಸಡಿಲ ಬಿಟ್ಟರೆ ನೆಲ ಉಳುವುದು. ಎಳೆದೂ ಎಳೆದೂ ಕೆರೆಯ ದಾರಿಯ ಮೊದಲನೆಯ ಉಬ್ಬಿಗೆ ಬಂದಾಗ ಗಾಡಿ ಹೊಟ್ಟೆಯ ಮೇಲೆ ಕೂತುಬಿಟ್ಟಿತು. ಅದನ್ನು ಅಲ್ಲಿಂದ ಎಬ್ಬಿಸುವಷ್ಟರಲ್ಲಿ ಆ ಉಬ್ಬನ್ನೇ ಅಗೆದು ಸಮಮಾಡಬೇಕಾಯಿತು.

ಇನ್ನು ಸಲಹೆಗಳಿಗೇನು ಕಮ್ಮಿ! ಒಬ್ಬ ಚಕ್ರವನ್ನು ಅರ್ಧಕ್ಕೆ ಕೊಯ್ಯಿ ಅಂದ. ಇನ್ನೊಬ್ಬ, ಕೆರೆಯನ್ನೇ ಒಂದಾಳು ಅಗೆದುಬಿಡಿ ಅಂದ. ದೊಡ್ಡವೆಂಕಟಪ್ಪ ಮರಪಲ್ಲಿಯಿಂದ ಸಂತಾಪಕ್ಕೆಂದು ಬಂದು, ಅಕ್ಕ ಕೊಟ್ಟ ಕಾಫಿ ಕುಡಿದು, "ಭಾವ, ಆ ಸೋಮವಾರ ಅಮಲ್ದಾರ್ರು ನಮ್ಮೂರಿಗೆ ಬಂದಾಗ ನೀವೂ ಬನ್ನಿ ಊಟಕ್ಕೆ" ಎಂದು ಹೇಳಿ ಹೋದ. ಪಟೇಲರಿಗೆ ಆ ದಿನದಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಊಟದ ಎಲೆಯ ಮುಂದೆ ಕೂತು ಮುದ್ದೆಯ ಕೆಳಗೆ ಪಲ್ಯದ ಬಟ್ಟಲಿಟ್ಟು ಎತ್ತರ ನೋಡುತ್ತಿದ್ದರು. "ನುಂಗ್ರೀ ಮೊದಲು" ಎಂದು ಅನಸೂಯಮ್ಮ ಗದರಿಸಿದರೆ, ಮುದ್ದೆಯನ್ನು ಇನ್ನೊಂದು ಸಲ ಜಾರಿಸಿ ನೋಡಿ ಆಮೇಲೆ ನುಂಗುತ್ತಿದ್ದರು.

ಹಾಗೆ ನುಂಗುತ್ತಿದ್ದಾಗಲೇ ಅವರಿಗೆ ಹೊಳೆದದ್ದು. ಮಾಲೂರಿನ ಕಡೆ ಶಿವಾರಪಟ್ಟಣವಿದೆಯಲ್ಲ, ಕಲ್ಲಿನ ದೇವರು ಕೆತ್ತುವ ಊರು! ಆಳೆತ್ತರದ ವಿಗ್ರಹಗಳನ್ನು ಅಲ್ಲಿಯವರು ಸಾಗಿಸುವುದು ಹೇಗೆ? ಮೊಳದೆತ್ತರದ ದಪ್ಪ ಗಾಲಿಗಳ ಮೇಲೆ, ನೆಲಕ್ಕೆ ಅಂಟಿಕೊಂಡಂತಿರುವ ಕಲ್ಲುಗಾಡಿಯಲ್ಲಿ! ಪಟೇಲರು ಕೈ ತೊಳೆದವರೇ ಎತ್ತು ಹೊಡೆದುಕೊಂಡು ಹೊರಟರು. ಎಲ್ಲಿಗೆ ಎಂದು ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ತಮ್ಮನ ಕಿವಿಗೆ ಬೀಳುತ್ತದೆ, ಬಿದ್ದರೆ ಇನ್ನೊಂದು ಸಲ ನಗುತ್ತಾನೆ ಎಂಬ ಭಯ.

ಶಿವಾರಪಟ್ಟಣದಲ್ಲಿ ಶಿಲ್ಪಿ ಕಾಳಾಚಾರಿ ಉಳಿ ಕೆಳಗಿಟ್ಟು, ಬಂದವರಿಗೆ ನೀರು ಕೊಟ್ಟು ಕೇಳಿದ. "ಯಾವ ದೇವರು ಸ್ವಾಮಿ ಬೇಕಾಗಿರೋದು?"

"ದೇವರಲ್ಲ, ಗಾಡಿ."

"ಗಾಡಿ ನಾವೇ ಕೊಡ್ತೀವಿ. ದೇವರು ಕೂತಿರೋದೋ, ನಿಂತಿರೋದೋ?"

"ಕೂತಿಲ್ಲ, ನಿಂತಿಲ್ಲ. ಮಲಗೈತೆ" ಎಂದರು ಪಟೇಲರು.

ಕಾಳಾಚಾರಿ ಕೈಮುಗಿದ. "ರಂಗನಾಥಸ್ವಾಮಿ! ಉದ್ದ ಎಷ್ಟು?"

"ಎರಡಾಳುದ್ದ. ಆದ್ರೆ ಒಳಗಡೆ ಟೊಳ್ಳು."

ಕಾಳಾಚಾರಿಯ ಮುಖ ಕಪ್ಪಿಟ್ಟಿತು. "ಟೊಳ್ಳು ದೇವರು ನಮ್ಮ ವಂಶದಲ್ಲಿ ಯಾರೂ ಮಾಡಿಲ್ಲ. ಎದ್ದೇಳಿ ಮೇಲೆ."

ಪಟೇಲರು ಅವನ ಕೈಹಿಡಿದು ಕೂರಿಸಿ, ತೂಬಿನಿಂದ ಶುರುಮಾಡಿ ಕೋಳಿಯವರೆಗೆ ಎಲ್ಲವನ್ನೂ ಹೇಳಬೇಕಾಯಿತು. ಕೇಳಿದ ಮೇಲೆ ಕಾಳಾಚಾರಿ ಗಾಡಿ ಕೊಡಲು ಒಪ್ಪಿದ. ಆದರೆ ಒಂದು ಕಟ್ಟಳೆ. ದೇವರು ಕೂತ ಗಾಡಿ ಅರಿಶಿನ ಕುಂಕುಮವಿಲ್ಲದೆ, ಮಾವಿನ ತೋರಣವಿಲ್ಲದೆ ಅಂಗಳ ದಾಟಕೂಡದು, ಹೊಡೆಯುವವನು ಚಪ್ಪಲಿ ಮೆಟ್ಟಕೂಡದು. "ನಿಮ್ಮ ದೋಣಿಗಲ್ಲ, ನಮ್ಮ ಗಾಡಿಗೆ ಮರ್ಯಾದೆ" ಎಂದು ಹೇಳಿ, ಅಲಂಕಾರ ಮಾಡಿಸಿ, ವಿಗ್ರಹ ಅಲುಗದಂತೆ ಹಾಸುವ ಹುಲ್ಲನ್ನೂ ರಾಶಿ ಒಟ್ಟಿಸಿ, ಮೇಲೊಂದು ಬಿಳಿ ಬಟ್ಟೆ ಹೊದಿಸಿ ಕಳಿಸಿದ. ಪಟೇಲರು ಬರಿಗಾಲಿನಲ್ಲಿ ಕೋಲಾರ ದಾಟಿ ಊರ ಕಡೆ ಹೊರಟರು.

ಇತ್ತ ಊರಿನಲ್ಲಿ ಏನಾಯಿತೆಂದರೆ, ಮಾಲೂರಿನಿಂದ ಬಂದ ಯಾರೋ ಒಬ್ಬ, "ನಿಮ್ಮ ಪಟೇಲರು ಶಿವಾರಪಟ್ಟಣದ ದಾರಿ ಕೇಳ್ತಾ ಇದ್ರು" ಎಂದು ಹೇಳಿದ. ಅಷ್ಟು ಸಾಕಾಯಿತು. ಶಿವಾರಪಟ್ಟಣಕ್ಕೆ ಮನುಷ್ಯ ಯಾತಕ್ಕೆ ಹೋಗುತ್ತಾನೆ? ದೇವರನ್ನು ಮಾಡಿಸುವುದಕ್ಕೆ. ಎಣ್ಣೆಯ ಗಾಣಕ್ಕೆ ಹೋದವನನ್ನು ಯಾತಕ್ಕೆ ಹೋದೆ ಎಂದು ಯಾರಾದರೂ ಕೇಳುತ್ತಾರೆಯೇ? ದೊಡ್ಡಗಂಗಮ್ಮ ಅನಸೂಯಮ್ಮನ ಮನೆಗೆ ಓಡಿಬಂದಳು.

"ಏನ್ ತಾಯಿ, ಒಂದ್ ಮಾತು ಹೇಳ್ಬಾರ್ದಾ? ಕೆರೆ ಏರಿ ಮ್ಯಾಲಿನ ಗುಡಿ ಗಂಗಮ್ಮ ಮೂಗು ಸವೆದು ಗುಂಡುಕಲ್ಲಾಗವ್ಳೆ. ಅವಳ ಸಿಟ್ಟಿಗೇ ಕಣಮ್ಮ ದೋಣಿ ಇಳೀನಿಲ್ಲ. ಪಟೇಲಪ್ಪ ಹೊಸ ಅಮ್ಮನ್ನ ತರ್ತೀನಿ ಅಂತ ಹರಸ್ಕೊಂಡವ್ರೆ, ಅಲ್ವಾ?"

ತನಗೇ ಏನೂ ಗೊತ್ತಿಲ್ಲ ಎಂದರೆ ಪಟೇಲರ ಹೆಂಡತಿಯ ಮರ್ಯಾದೆ ಏನಾಗಬೇಕು? ಅನಸೂಯಮ್ಮ ಕುಂಕುಮದ ಬಟ್ಟಲು ಮುಂದಕ್ಕೆ ತಳ್ಳಿ, "ಅವರು ಬರಲಿ ಕಣಮ್ಮ, ಎಲ್ಲಾ ತಿಳಿಯುತ್ತೆ" ಎಂದಳು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ! ಸಂಜೆಯೊಳಗೆ ಮೇಲಿನ ಬೀದಿಯವರಿಗೂ ಕೆಳಗಿನ ಬೀದಿಯವರಿಗೂ ಅಮ್ಮನ ಮುಖ ನೀರಿನ ಕಡೆಗಿರಬೇಕೋ ಊರಿನ ಕಡೆಗಿರಬೇಕೋ ಎಂದು ಜಗಳ ಹತ್ತಿ, ಇಬ್ಬರ ಅಂಗಿ ಹರಿದವು.

ಭಾನುವಾರ ಮುಸ್ಸಂಜೆ ಪಟೇಲರು ಊರು ಹೊಕ್ಕರು. ತೋರಣ ಕಟ್ಟಿದ ಗಾಡಿ, ಬಿಳಿ ಬಟ್ಟೆ ಹೊದ್ದ ಉದ್ದನೆಯ ರಾಶಿ, ಮುಂದೆ ಬರಿಗಾಲಿನ ಪಟೇಲರು. ಬೀದಿಯಲ್ಲಿದ್ದವರು ಎದ್ದು ನಿಂತು ಕೈಮುಗಿದರು. ಜನ ಕೊನೆಗೂ ತಮ್ಮ ಬುದ್ಧಿಗೆ ಬೆಲೆಕೊಟ್ಟರಲ್ಲ ಎಂದುಕೊಂಡು ಪಟೇಲರೂ ಎಡಕ್ಕೆ ಬಲಕ್ಕೆ ಕೈಮುಗಿಯುತ್ತ ನೇರ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡರು. ಗಂಗುಲಪ್ಪನನ್ನೂ ಅವನ ಅಣ್ಣತಮ್ಮಂದಿರನ್ನೂ ಹಿಂಬಾಗಿಲಿನಿಂದ ಕರೆಸಿ, ಹುಲ್ಲು ಇಳಿಸಿ, ಸನ್ನೆಗೋಲು ಕೊಟ್ಟು ಮೀಟಿ ದೋಣಿಯನ್ನು ಗಾಡಿಗೆ ಏರಿಸಿದರು. ಮುಂಭಾಗ ತಗ್ಗಾಯಿತೆಂದು ಹುಲ್ಲಿನ ಸಿವುಡು ತುರುಕಿದರು. ಹಿಂಭಾಗ ಎದ್ದಿತೆಂದು ಆ ಸಿವುಡು ಕಿತ್ತು ಇನ್ನೊಂದು ಕಡೆ ತುರುಕಿದರು. ಕೊನೆಗೆ, ಒಣಗಿದ ಹಲಗೆ ನೆನೆದು ಊದಿಕೊಳ್ಳಲಿ ಎಂದು ಕಾಳಾಚಾರಿಯ ಬಿಳಿ ಬಟ್ಟೆಯನ್ನು ಒದ್ದೆಮಾಡಿ ದೋಣಿಗೆ ಹೊದಿಸಿ, ಕಟ್ಟಿ, ಮನೆಗೆ ಹೋಗಿ ಮಲಗಿದರು. ಗಂಗುಲಪ್ಪ ಬಾಯಿ ಬಿಡುವುದಿಲ್ಲವೆಂದು ಭಾಷೆ ಕೊಟ್ಟಿದ್ದ. ಊರು ಅಂದುಕೊಂಡಿರುವುದನ್ನು ಪಟೇಲರಿಗೂ ಹೇಳದೆ ಆ ಭಾಷೆಯನ್ನು ಎರಡು ಕಡೆಗೂ ಉಳಿಸಿಕೊಂಡ.

ಸೋಮವಾರ ಬೆಳಿಗ್ಗೆ ಕೊಟ್ಟಿಗೆಗೆ ಬಂದರೆ, ಬಾಗಿಲ ಮುಂದೆ ರಂಗೋಲಿ! ನಾಗಸ್ವರದವರು, ಕಳಸ ಹೊತ್ತ ಹೆಂಗಸರು, ಬುಟ್ಟಿ ತುಂಬ ತೆಂಗಿನಕಾಯಿ, ಮಿಣಿಹಗ್ಗ ಹಿಡಿದ ಗಂಡಸರು, ಎಲ್ಲರ ಮುಂದೆ ಮಡಿಯುಟ್ಟ ಪೂಜಾರಿ.

"ಅಮಲ್ದಾರ್ರು ಬರೋದು ಇನ್ನೂ ಹೊತ್ತೈತಲ್ಲಪ್ಪ" ಎಂದರು ಪಟೇಲರು.

"ಅಮಲ್ದಾರ್ರ ಸುದ್ದಿ ಯಾಕೆ? ಅಮ್ಮನೋರ ಜಲಾಧಿವಾಸಕ್ಕೆ ಮುಹೂರ್ತ ಮೀರ್ತಾ ಐತೆ" ಎಂದ ಪೂಜಾರಿ. "ಹೊಸ ವಿಗ್ರಹ ನೀರಿನಾಗಿದ್ದು ಆಮೇಲೆ ತಾನೆ ಗುಡಿಗೆ ಏರೋದು? ನಡೀರಿ, ಕೆರೆಗೆ ಎಳೀರಿ!"

ಪಟೇಲರಿಗೆ ಆಗ ಅರ್ಥವಾಯಿತು. "ಅಲ್ಲ, ಅದು ಅಮ್ಮ ಅಲ್ಲ" ಎಂದು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಶಿವಾರಪಟ್ಟಣದಿಂದ ನಡೆದು ಬಂದ ಎತ್ತುಗಳು ಕುಂಟುತ್ತಿದ್ದವು. ಅಮಲ್ದಾರರ ಜಟಕಾ ಈಗಾಗಲೇ ಮುಳಬಾಗಿಲು ಬಿಟ್ಟಿರಬೇಕು. ಮೊನ್ನೆ ದಡದಲ್ಲಿ ನಿಂತು ಹಲ್ಲು ಕಿರಿದವರೇ ಇಂದು ಹಗ್ಗ ಹಿಡಿದು, ಯಾವಾಗ ಎಳೆಯೋಣ ಎಂದು ತುದಿಗಾಲಿನಲ್ಲಿದ್ದಾರೆ. ಕಣ್ಣು ತೆರೆಸುವ ಮುಂಚೆ ದೇವರ ಮುಖ ನೋಡಬಾರದೆಂದು ಬಟ್ಟೆ ಎತ್ತಿ ನೋಡುವ ಧೈರ್ಯ ಯಾರಿಗೂ ಇಲ್ಲ. ಪಟೇಲರು ಬಾಯಿ ಮುಚ್ಚಿ, "ಅದು... ಎಳೀರಪ್ಪ, ನಿಧಾನಕ್ಕೆ ಎಳೀರಿ" ಎಂದರು. ಸುಳ್ಳನ್ನಂತೂ ಹೇಳಲಿಲ್ಲ ಎನ್ನುವುದನ್ನು ನಾವು ಅವರ ಪರವಾಗಿ ಇಲ್ಲಿ ಹೇಳಬೇಕು.

ದಾರಿಯುದ್ದಕ್ಕೂ ಮನೆಗೊಬ್ಬರಂತೆ ಬಂದು, ಬಟ್ಟೆ ಹೊದ್ದ ಮೂತಿಗೆ ಕುಟ್ಟಿ ತೆಂಗಿನಕಾಯಿ ಒಡೆದರು. ಒಂದೊಂದು ಏಟಿಗೂ ಪಟೇಲರು ತಮ್ಮ ತಲೆಗೇ ಬಿದ್ದಂತೆ ಕಣ್ಣು ಮುಚ್ಚುತ್ತಿದ್ದರು. "ಮೆಲ್ಲಗೆ ತಾಯಿ, ನೋವಾಗುತ್ತೆ" ಎಂದರೆ, ಪಟೇಲರಿಗೆ ಎಂಥ ಭಕ್ತಿ ಎಂದು ಹೆಂಗಸರು ಕಣ್ಣೊರೆಸಿಕೊಂಡು ಇನ್ನೂ ಜೋರಾಗಿ ಒಡೆದರು.

ಕೆರೆಯ ಅಂಗಳ ಬಂತು. ಕಲ್ಲುಗಾಡಿ ನೀರಿಗಿಳಿಯಿತು. ಗಾಲಿ ಮುಳುಗಿದವು, ಹಲಗೆ ಮುಳುಗಿತು. ಹಗ್ಗ ಹಿಡಿದವರಿಗೆ ನೀರು ಇನ್ನೂ ಮೊಣಕಾಲಿಗೇ ಇತ್ತು. ಅಷ್ಟರಲ್ಲಿ ಹುಲ್ಲಿನ ಸಿವುಡುಗಳ ಮೇಲಿಂದ ದೋಣಿ ಒಂದು ಸಲ ಅಲುಗಿತು, ಒಂದು ಸಲ ವಾಲಿತು, ಆಮೇಲೆ ಯಾರೋ ಕೆಳಗಿನಿಂದ ಎತ್ತಿಕೊಂಡಂತೆ ಮೆಲ್ಲಗೆ ಎದ್ದು ಗಾಡಿಯಿಂದ ಜಾರಿ ನೀರಿನ ಮೇಲೆ ನಿಂತಿತು. ಪಟೇಲರಿಗೆ ತಾವು ಎಲ್ಲಿದ್ದೇವೆಂಬುದೇ ಮರೆತುಹೋಯಿತು. "ತೇಲ್ತು! ತೇಲ್ತು ಕಣ್ರೋ! ಎತ್ತರ ಸರಿಹೋಯ್ತು!" ಎಂದು ಕುಣಿದಾಡುತ್ತ ಹಿಡಿದುಕೊಂಡದ್ದು ಬಟ್ಟೆಯ ಚುಂಗನ್ನು. ಬಟ್ಟೆ ಸರ್ರನೆ ಕಳಚಿ ಬಂತು.

ನಾಗಸ್ವರ ನಿಂತಿತು. ಕಳಸ ಹೊತ್ತ ಹೆಂಗಸರು ಬಗ್ಗಿ ನೋಡಿದರು.

"ಇದೇನ್ಲಾ ಗಂಗುಲಾ" ಎಂದಳು ದೊಡ್ಡಗಂಗಮ್ಮ, "ಅಮ್ಮ ಅಂಗಾತ ಮಲಗವ್ಳೆ, ಹೊಟ್ಟೆ ಒಳಗೆ ಏನೂ ಇಲ್ಲ?"

"ಅದು ದೋಣಿ ಕಣವ್ವೋ" ಎಂದ ಗಂಗುಲಪ್ಪ.

ನಾಲ್ಕು ಕಡೆಯಿಂದಲೂ ಕೂಗು ಎದ್ದಿತು. "ನಮ್ಮ ಕೈಲಿ ಮರಕ್ಕೆ ಕಾಯಿ ಒಡೆಸಿದ್ರಾ?" "ನಾನು ಬೆಳಿಗ್ಗೆಯಿಂದ ಉಪಾಸ ಇದೀನಿ!" "ಹಿಡೀರೋ ಪಟೇಲಪ್ಪನ್ನ!" ಪೂಜಾರಿ ತಾನು ಹೇಳಿದ ಮಂತ್ರಗಳನ್ನು ವಾಪಸು ಪಡೆಯುವುದು ಹೇಗೆಂದು ತಿಳಿಯದೆ ತಲೆಯ ಮೇಲೆ ಕೈಹೊತ್ತ. ಪಟೇಲರು ದೋಣಿಯ ಆಚೆ ಬದಿಗೆ ಸರಿದುನಿಂತು, ಈಜು ಬರುವುದಿಲ್ಲವಲ್ಲ ಎಂದು ಜೀವಮಾನದಲ್ಲಿ ಮೊದಲ ಸಲ ಮನಸಾರೆ ಮರುಗಿದರು.

ಆಗ ಕೇಳಿಸಿತು ಜಟಕಾದ ಗೆಜ್ಜೆ.

ಅಮಲ್ದಾರ್ ಸಾಹೇಬರು ಜರಿಪೇಟ ಇಟ್ಟುಕೊಂಡು ಇಳಿದರು. ಇಳಿದು ನೋಡಿದರೆ ಎದುರಿಗೆ ನಾಗಸ್ವರ, ಪೂರ್ಣಕುಂಭ, ಆರತಿಯ ತಟ್ಟೆಗಳು, ಆಳುದ್ದದ ಹೂವಿನ ಹಾರ, ಸೇರಿದ ಊರು. ಅವರು ಎರಡು ಹೆಜ್ಜೆ ಇಟ್ಟು ನಿಂತರು.

"ಏನ್ರೀ ಪಟೇಲರೇ ಇದು... ನನಗೋಸ್ಕರ ಇಷ್ಟೆಲ್ಲ ಯಾಕೆ ಮಾಡಿಸಿದಿರಿ? ಎಷ್ಟೋ ತಾಲ್ಲೂಕು ನೋಡಿದೀನಿ. ಒಂದು ಲೋಟ ಮಜ್ಜಿಗೆ ಕೊಟ್ಟವರಿಲ್ಲ!"

ಮಜಾ ನೋಡಲೆಂದೇ ಬಂದಿದ್ದ ದೊಡ್ಡವೆಂಕಟಪ್ಪ ಜನರ ಮಧ್ಯದಿಂದ ನುಗ್ಗಿ ಬಂದ. "ಸ್ವಾಮಿ, ಇದು ತಮಗಲ್ಲ! ಇವೆಲ್ಲಾ ಅಮ್ಮನೋರಿಗೆ..."

ಅವನ ಮಾತು ಅಲ್ಲಿಗೇ ನಿಂತಿತು. ದೊಡ್ಡಗಂಗಮ್ಮ ಅವನ ಕಾಲಿನ ಮೇಲೆ ತನ್ನ ಕಾಲಿಟ್ಟು ನಿಂತಿದ್ದಳು, ಕಡಿಮೆ ತೂಕದ ಹೆಂಗಸಲ್ಲ. ಕೋದಂಡರಾಮಪ್ಪನವರ ಮೇಲೆ ಅವಳಿಗೆ ಕೆಂಡದಂಥ ಕೋಪವಿತ್ತು, ನಿಜ. ಆದರೆ ತೂಬಿನ ಕೆಳಗಿನ ಗದ್ದೆ ಅವಳದು. "ಅಮ್ಮನೋರಿಗೂ ಒಂದೇ, ಅಮಲ್ದಾರಪ್ಪನೋರಿಗೂ ಒಂದೇ ಅಂತಾವ್ನೆ ಸ್ವಾಮಿ" ಎಂದು ಗಟ್ಟಿಯಾಗಿ ಹೇಳಿ ಊರಿನ ಕಡೆ ತಿರುಗಿದಳು. "ಏನ್ ಪೆಕರುಗಳಂಗೆ ನಿಂತಿದೀರಾ? ಎತ್ರೇ ಆರತಿ! ಊದ್ರೋ!"

ಊರು ಒಂದು ಉಸಿರಿನಷ್ಟು ಹೊತ್ತು ಯೋಚಿಸಿತು. ಆಮೇಲೆ ಊದಿತು. ಪೂಜಾರಿ ಮಿಕ್ಕ ಮಂತ್ರಗಳನ್ನು ಅಮಲ್ದಾರರ ಕಡೆ ತಿರುಗಿಸಿದ. ಅಮ್ಮನ ಹಾರ ಅಮಲ್ದಾರರ ಕೊರಳಿಗೆ ಬಿದ್ದು ಪಾದದವರೆಗೆ ಇಳಿಯಿತು. ಅವರನ್ನು ಎತ್ತಿಕೊಂಡು ಹೋಗಿ ದೋಣಿಯಲ್ಲಿ ಕೂರಿಸಿದರು.

ಇನ್ನು ದೋಣಿ ನಡೆಸಬೇಕಲ್ಲ! ಕೋದಂಡರಾಮಪ್ಪನವರು ಎರಡು ಹುಟ್ಟುಗಳನ್ನೂ ಹಿಡಿದು, ಮದರಾಸಿನಲ್ಲಿ ಕಂಡ ಹಡಗನ್ನು ನೆನೆಸಿಕೊಂಡು ಬೀಸಿದರು. ಆ ಹಡಗಿಗೆ ಹುಟ್ಟೇ ಇರಲಿಲ್ಲ ಎನ್ನುವುದು ಆಗ ಜ್ಞಾಪಕಕ್ಕೆ ಬಂತು. ದೋಣಿ ಬಲಕ್ಕೆ ಒಂದು ಸುತ್ತು ಬಂತು. ಇನ್ನೊಂದು ಕಡೆ ಬೀಸಿದರು, ಎಡಕ್ಕೆ ಒಂದು ಸುತ್ತು. ಹೀಗೆ ಸುತ್ತುತ್ತ ಸುತ್ತುತ್ತ ಗಾಳಿ ಬೀಸಿದ ಕಡೆ, ಎಂದರೆ ಅದೃಷ್ಟಕ್ಕೆ ತೂಬಿನ ಕಡೆಯೇ ಹೋಯಿತು. ದಡದಲ್ಲಿ ಕೆಲವರು ಪ್ರದಕ್ಷಿಣೆ ಎಂದು ಕೈಮುಗಿದರು. ಅಮಲ್ದಾರರು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು, "ಪಟೇಲರೇ, ಇದು ನೇರ ಹೋಗೋದಿಲ್ಲವೇ?" ಎಂದರು.

"ದೊಡ್ಡ ನೀರಿನಲ್ಲಿ ಹೀಗೇ ಸ್ವಾಮಿ, ಪದ್ಧತಿ" ಎಂದರು ಪಟೇಲರು.

"ಕಾಲು ನೆನೀತಾ ಇದೆ. ಇದೂ ಪದ್ಧತಿಯೇ?"

ಪಟೇಲರು ಕೆಳಗೆ ನೋಡಿದರು. ಅಷ್ಟೂ ತೆಂಗಿನಕಾಯಿಗಳ ಪುಣ್ಯ ಮೂತಿಯ ಹಲಗೆಯ ಬಿರುಕಿನಿಂದ ಒಳಗೆ ಬರುತ್ತಿತ್ತು. ತೂಬಿನ ಕಂಬ ಕೈಗೆಟುಕುವಷ್ಟು ಹತ್ತಿರ ಬಂದಾಗ ದೋಣಿ ಗಂಟಲವರೆಗೆ ಕುಡಿದು, ಸದ್ದಿಲ್ಲದೆ ಕೆಳಗೆ ಹೋಯಿತು. ಮರುಗಳಿಗೆಯಲ್ಲಿ ತಾಲ್ಲೂಕಿನ ಅಧಿಕಾರವೂ ಊರಿನ ಪಟೇಲಿಕೆಯೂ ಒಂದೇ ಕಲ್ಲುಕಂಬವನ್ನು ತಬ್ಬಿಕೊಂಡು, ಕುತ್ತಿಗೆಯವರೆಗೆ ನೀರಿನಲ್ಲಿದ್ದವು.

"ಪಟೇಲಾ! ಕೆಳಗಿನಿಂದ ಏನೋ ನನ್ನ ಎಳೀತಾ ಇದೆ! ಮೊಸಳೆ!"

"ಮೊಸಳೆ ಅಲ್ಲ ಸ್ವಾಮಿ, ಅದೇ ತೂಬಿನ ತೂತು!" ಎಂದು ಅರಚಿದರು ಪಟೇಲರು.

ಅಮಲ್ದಾರರ ಜರಿಪೇಟ ನೀರಿಗೆ ಬಿದ್ದು, ಬಿಚ್ಚಿಕೊಂಡು, ಹಾವಿನಂತೆ ಎರಡು ಸುತ್ತು ಸುತ್ತಿ ಅವರ ಕಣ್ಣೆದುರಿಗೇ ಒಳಕ್ಕೆ ಹೋಗಿ ಮಾಯವಾಯಿತು. ಗಂಗುಲಪ್ಪನ ಕಡೆಯವರು ಈಜಿ ಬಂದು ಇಬ್ಬರನ್ನೂ ಏರಿಗೆ ಎಳೆದು ತಂದರು. ಅಮಲ್ದಾರರು ಇನ್ನೂ ನೀರು ಕಕ್ಕುತ್ತಿದ್ದಾಗ, ಏರಿಯ ಆಚೆ ಕಡೆ ದೊಡ್ಡಗಂಗಮ್ಮನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಕೆಸರಾದ ಜರಿಪೇಟ ಹಿಡಿದುಕೊಂಡು ಏರಿ ಹತ್ತಿ ಬಂದಳು. "ಯಾರ್ದವ್ವಾ ಇದು? ಕಾಲುವೇಲಿ ತೇಲ್ಕೊಂಡ್ ಬಂತು" ಎಂದಳು.

ಅಮಲ್ದಾರರು ಪೇಟವನ್ನು ನೋಡಿದರು. ಕೆರೆಯನ್ನು ನೋಡಿದರು. ಮೈಯೆಲ್ಲ ನಡುಗುತ್ತಿದ್ದರೂ ದನಿಯನ್ನು ಮಾತ್ರ ಕಚೇರಿಯ ದನಿ ಮಾಡಿಕೊಂಡು ಹೇಳಿದರು. "ಕೆಟ್ಟಿದೆ. ತೂಬು ಸಂಪೂರ್ಣ ಕೆಟ್ಟಿದೆ. ಕಣ್ಣಾರೆ ನೋಡಿದೆ, ಮೈಯಾರೆ ನೋಡಿದೆ. ರಿಪೇರಿ ಈ ಊರಿಗೇ."

ದೊಡ್ಡವೆಂಕಟಪ್ಪ ಕುಂಟುತ್ತ ಮನೆಗೆ ಹೋದ. ಊರು ಕುಣಿಯಿತು. ಕುಣಿದು ಮುಗಿದ ಮೇಲೆ ಪಟೇಲರನ್ನು ಸುತ್ತುವರಿದು ಕೇಳಿತು. "ಅದ್ಸರಿ, ನಮ್ಮ ದೇವರೆಲ್ಲಿ?" ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಪಟೇಲರು ತಿಂಗಳುಗಟ್ಟಲೆ ಹಿಂಬಾಗಿಲಿನಿಂದ ಓಡಾಡಿದರು. ಅನಸೂಯಮ್ಮ ಬೀದಿಯ ಹೆಂಗಸರಿಗೆ ಮುಖ ತೋರಿಸಲಾರದೆ ಗಂಡನೊಡನೆ ಮಾತು ಬಿಟ್ಟಳು.

ತೂಬು ರಿಪೇರಿಯಾಗಬೇಕಾದರೆ ಕೆರೆ ಖಾಲಿಯಾಗಬೇಕು ಎಂದು ಹುಕುಂ ಬಂತು. ಖಾಲಿಯಾಗುವುದನ್ನು ಆ ತೂಬಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇಸಿಗೆಗೆ ಕೆರೆಯೆಲ್ಲ ಕೆಸರಾಯಿತು. ಮುಳುಗಿದ ದೋಣಿ ಮೇಲೆದ್ದಿತು, ಎಂದರೆ ನೀರು ಕೆಳಗಿಳಿಯಿತು. ಪಟೇಲರು ಅದನ್ನು ಮನೆಗೆ ಸಾಗಿಸೋಣವೆಂದು ಅಂಗಳದವರೆಗೆ ಎಳೆಸಿ ಬಿಟ್ಟಿದ್ದರು. ಕೆಲಸ ನೋಡಲು ಅಮಲ್ದಾರರು ಮತ್ತೆ ಬಂದರು. ಊರಿನವರು ಈ ಸಲವೂ ಹಾರ ಹಾಕಿ ನಾಗಸ್ವರ ಊದಿಸಿದರು. ಸಾಹೇಬರು ಕೆರೆಯ ದಂಡೆಯಲ್ಲಿ ನಿಂತು, ತೂಬಿನವರೆಗೆ ಹರಡಿದ್ದ ಕೆಸರನ್ನೂ ತಮ್ಮ ಹೊಸ ಬೂಟುಗಳನ್ನೂ ನೋಡಿಕೊಂಡು, ದೋಣಿಯ ಕಡೆ ಬೆರಳು ತೋರಿಸಿದರು.

"ಪಟೇಲರೇ, ಅದರಲ್ಲೇ ಹೋಗೋಣ."

"ಸ್ವಾಮಿ, ಕೆರೇಲಿ ನೀರಿಲ್ಲ."

"ಅದಕ್ಕೇ ಹೇಳ್ತಿರೋದು. ಹೋದ ಸಲ ನೀರಿತ್ತು, ಮುಳುಗಿತು. ಈ ಸಲ ಆ ಭಯವೇ ಇಲ್ಲ."

ಹುಕುಂ ಹುಕುಮೇ. ಅಮಲ್ದಾರರು ದೋಣಿ ಹತ್ತಿ ನಡುವೆ ಕೂತರು. ಮೇಲಿನ ಬೀದಿಯವರು ಒಂದು ಬದಿಗೆ, ಕೆಳಗಿನ ಬೀದಿಯವರು ಇನ್ನೊಂದು ಬದಿಗೆ ಹೆಗಲು ಕೊಟ್ಟು "ಹೋಯ್" ಎಂದರು. ದೋಣಿ ಮೇಲೆದ್ದಿತು. ಮುಂದೆ ನಾಗಸ್ವರ, ಹಿಂದೆ ಹೆಂಗಸರು. ಹೂವಿನ ಹಾರ ಹಾಕಿಕೊಂಡ ಸಾಹೇಬರು ಎಡಕ್ಕೆ ಬಲಕ್ಕೆ ಕೈಯೆತ್ತಿ ಹರಸುತ್ತ, ಜನರ ಹೆಗಲ ಮೇಲೆ ತೂಬಿನ ಕಡೆ ಬಿಜಯಂಗೈದರು.

ಕೆಸರಿನಲ್ಲಿ ಪಕ್ಕಪಕ್ಕದಲ್ಲಿ ನಡೆಯುತ್ತಿದ್ದ ದೊಡ್ಡಗಂಗಮ್ಮ ಇದ್ದಕ್ಕಿದ್ದಂತೆ ನಿಂತುಬಿಟ್ಟಳು.

"ಅಲ್ಲ ಪಟೇಲಪ್ಪಾ, ಅವತ್ತೂ ಹಿಂಗೇ ಹೆಗಲ ಮ್ಯಾಲೆ ಹೊತ್ಕೊಂಡ್ ಹೋಗಿ ನೀರಿಗೆ ಬಿಡ್ಬೋದಾಗಿತ್ತಲ್ಲ? ಗಾಡಿ ಯಾಕ್ ಬೇಕಾಗಿತ್ತು? ಶಿವಾರಪಟ್ಟಣ ಯಾಕ್ ಬೇಕಾಗಿತ್ತು?"

ಕೋದಂಡರಾಮಪ್ಪನವರು ಅವಳ ಮುಖ ನೋಡಿದರು. ಹೆಗಲು ಕೊಟ್ಟವರ ಸಾಲನ್ನೂ ಒಂದು ಸಲ ನೋಡಿದರು.

"ಖಾಲಿ ದೋಣಿ ಹೊರಿ ಅಂದಿದ್ರೆ ಯಾರ್ ಬರ್ತಿದ್ರಿ ಗಂಗಮ್ಮಾ?" ಎಂದು ಕೇಳಿದರು.

ದೊಡ್ಡಗಂಗಮ್ಮ ಯೋಚನೆ ಮಾಡಿದಳು. "ಅದೂ ಸರಿ" ಎಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾನೂ ಒಂದು ಕೈ ಕೊಡಲು ಮುಂದಕ್ಕೆ ಓಡಿದಳು.